ಬಿದಿರಿನಲ್ಲಿ ಕಟ್ಟಿ ನೋಡಿದ ಕ್ಯಾರವಾನ್

ಅಕ್ಟೋಬರ್ ಹನ್ನೆರಡು, ಭಾನುವಾರ, ಮಧ್ಯಾಹ್ನ ಮೂರೂಮುಕ್ಕಾಲು. ಅಪ್ಪ ಊಟದ ಮೇಜಿನ ಮೇಲೆ ಅಳತೆಯ ಟೇಪು ಇಟ್ಟು, "ಅಕ್ಕನ ಖೋಲಿ ಅಳದು ಬರಕೋ," ಎಂದರು. ಎಲ್ಲ ಶುರುವಾದದ್ದು ಆಗ.

"ಯಾಕ್ರಿ, ಖೋಲಿ ಮಾರಾವರಿದ್ದೀರೇನು?" ಎಂದಳು ಅವ್ವ. ನಮ್ಮದು ಬಾಡಿಗೆ ಮನೆ.

"ಮಾರೂದಲ್ಲ. ಗಾಲಿ ಹಚ್ಚೂದು."

ನಾವು ಹುಬ್ಬಳ್ಳಿಯವರು. ಅಪ್ಪ ರೈಲ್ವೆಯಲ್ಲಿ ಬೋಗಿಗಳ ತಪಾಸಣೆಯ ಕೆಲಸದಲ್ಲಿದ್ದಾರೆ. ವರ್ಗವಾಗಿ ಕೋಲ್ಕತ್ತಕ್ಕೆ ಬಂದು, ಬೆಹಾಲಾದ ಒಂದು ಮೂರನೆಯ ಮಹಡಿಯಲ್ಲಿ ನಾವು ನಾಲ್ವರೂ ನಿಂತುಬಿಟ್ಟಿದ್ದೇವೆ. ನಿಂತುಬಿಟ್ಟಿದ್ದೇವೆ ಎಂಬುದನ್ನು ತೂಗಿಯೇ ಬರೆಯುತ್ತಿದ್ದೇನೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ತನ್ನ ಕೋಣೆಯ ಹೊರತು ಬೇರೆಲ್ಲೂ ಮಲಗುವುದಿಲ್ಲ. ವೈದ್ಯರು ಇದಕ್ಕೆ ಕೊಟ್ಟ ಹೆಸರು ಇಲ್ಲಿ ಬೇಡ. ಕಾರಿನಲ್ಲಿ ಎಷ್ಟು ದೂರವಾದರೂ ಖುಷಿಯಿಂದ ಕೂರುತ್ತಾಳೆ, ಆದರೆ ಕತ್ತಲಾಗುವ ಹೊತ್ತಿಗೆ ಅದೇ ಕೋಣೆ ಬರಬೇಕು. ಒಂಬತ್ತು ವರ್ಷದ ಹಿಂದೆ ಒಂದೇ ಒಂದು ಸಲ ರೈಲಿನಲ್ಲಿ ಹುಬ್ಬಳ್ಳಿಗೆ ಹೊರಟೆವು. ಬರ್ತ್ ಬಿಡಿಸಿದೊಡನೆ ಆಕೆ ಕೂಗತೊಡಗಿದಳು. ಖರಗ್‌ಪುರದಲ್ಲಿ ಇಳಿದು, ಟ್ಯಾಕ್ಸಿ ಹಿಡಿದು ಹಿಂದಿರುಗಿದೆವು. ಡಬ್ಬಿಯಲ್ಲಿದ್ದವರು ಕಿಟಕಿಯಿಂದ ನಮ್ಮನ್ನೇ ನೋಡುತ್ತಿದ್ದರು. ಅಪ್ಪ ರೈಲ್ವೆ ಸಮವಸ್ತ್ರದಲ್ಲಿ ಇರಲಿಲ್ಲವಲ್ಲ ಎಂದು ನನಗೆ ಆಗ ಸಮಾಧಾನವಾಗಿತ್ತು.

ಅದರ ಮಾರನೆಯ ವಾರದಿಂದ ನಾನು ದಿನಚರಿ ಬರೆಯುತ್ತೇನೆ. ಪ್ರತಿ ಪುಟದ ಕೊನೆಗೆ ಎರಡು ಅಂಕಿ: ಆ ರಾತ್ರಿ ಮನೆಯಲ್ಲಿ ಎಷ್ಟು ಜನ, ಹೊರಗೆ ಎಷ್ಟು ಜನ. ಮದುವೆಗಳಿಗೆ, ತಿಥಿಗಳಿಗೆ ಅಪ್ಪ ಮತ್ತು ನಾನು ಹೋಗುತ್ತೇವೆ. ಮನೆಯಲ್ಲಿ ಎರಡು, ಹೊರಗೆ ಎರಡು. ಹೊರಗೆ ನಾಲ್ಕು ಎಂದು ಬರೆದ ಪುಟ ಒಂದೂ ಇಲ್ಲ. ಅವ್ವ ಹೊರಗೆ ಮಲಗಿದ ರಾತ್ರಿಯೂ ಇಲ್ಲ. ಹುಬ್ಬಳ್ಳಿಯಲ್ಲಿ ಅವಳ ಅಕ್ಕ, ನಮ್ಮ ದೊಡ್ಡವ್ವ, ಪ್ರತಿ ಸಲವೂ ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿ, "ಬರಲಿಲ್ಲೇನು ಆಕಿ?" ಎನ್ನುತ್ತಾರೆ. ಬರುವುದಿಲ್ಲ ಎಂದು ಫೋನಿನಲ್ಲಿ ಮೊದಲೇ ಹೇಳಿಸಿಕೊಂಡಿದ್ದರೂ ಸಹ.

ಜಾದವ್‌ಪುರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಶೀತಲ ಪೆಟ್ಟಿಗೆಗಳ ಉಷ್ಣಾಂಶ ಬರೆದಿಡುವುದು ನನ್ನ ಕೆಲಸ. ಚಳಿಗಾಲ ಹತ್ತಿರವಾದಾಗ ಅಲ್ಲಿಯವರೆಲ್ಲ ಪುರಿ, ಡಾರ್ಜಿಲಿಂಗ್ ಎಂದು ಟಿಕೆಟಿನ ಮಾತಾಡುತ್ತಾರೆ. ನಾನು ಚಹಾದ ಲೋಟ ತೊಳೆಯಲು ಎದ್ದು ಹೋಗುತ್ತೇನೆ. ಬಸ್ಸಿನಲ್ಲಿ ಫೋನು ತೆಗೆದು, ಯಾವುದೋ ದೇಶದ ಸಂಸಾರಗಳು ಪುಟ್ಟ ಕ್ಯಾರವಾನ್ ಎಳೆದುಕೊಂಡು ತಿರುಗುವ ವಿಡಿಯೊ ನೋಡುತ್ತೇನೆ. ಅವರ ಮಕ್ಕಳ ಹೆಸರು, ನಾಯಿಯ ಹೆಸರು, ಯಾರಿಗೆ ಯಾವ ಮಂಚ ಎಂಬುದೆಲ್ಲ ನನಗೆ ಬಾಯಿಪಾಠ. ಒಂದು ದಿನ ಅಪ್ಪ ಹಿಂದಿನಿಂದ ಬಂದು ನೋಡಿದರು. "ಇವರು ಖೋಲಿನೇ ಸಂಗಾಟ ಒಯ್ತಾರಲ್ಲ," ಎಂದರು. ಮುಂದಿನ ಭಾನುವಾರವೇ ಟೇಪು ಬಂತು.

ಅಕ್ಕನ ಕೋಣೆ ಎಂದರೆ ನಮ್ಮಿಬ್ಬರದೂ. ಎರಡು ಮಂಚ, ನಡುವೆ ಒಂದು ಗೇಣು ಜಾಗ. ಮಲಗುವ ಮುಂಚೆ ಆಕೆ ಬಾಗಿಲ ಚಿಲಕ, ಕಿಟಕಿಯ ಸರಳು, ಫ್ಯಾನಿನ ಸ್ವಿಚ್ಚು ಮುಟ್ಟಿ, ಕೊನೆಗೆ ನನ್ನ ಕಾಲ ಹೆಬ್ಬೆರಳನ್ನು ಮುಟ್ಟುತ್ತಾಳೆ. ಆಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಗುಡ್ ನೈಟ್ ಇಲ್ಲ, ಮಾತಿಲ್ಲ. ದಿನಕ್ಕೆ ಆಕೆ ನನ್ನೊಡನೆ ಆಡುವ ಮಾತು ಒಂದು ಕೈಯ ಬೆರಳಿಗೆ ಸಾಕು. ಆಡಿದರೆ ಹುಬ್ಬಳ್ಳಿಯ ಮಾತೇ.

ಗಾಡಿ ಆರಿಸುವುದಕ್ಕೆ ಅಪ್ಪನ ನಿಯಮ ಒಂದೇ. ದಾರಿಯಲ್ಲಿ ಯಾವ ಭಾಗ ಕೆಟ್ಟರೂ ಲಾರಿ ರಿಪೇರಿ ಮಾಡುವ ಮಿಸ್ತ್ರಿಗೆ ಅದು ಪರಿಚಯದ್ದಾಗಿರಬೇಕು. ನಾನು ಇನ್ನೊಂದು ಸೇರಿಸಿದೆ. ಈ ಊರಿನ ತೇವಕ್ಕೆ ಅದು ತಡೆಯಬೇಕು. ಇಲ್ಲಿ ಆಷಾಢ ಬಂತೆಂದರೆ ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ, ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮರದ ಚೌಕಟ್ಟಿನ ಗಾಡಿ ಎಷ್ಟು ವರ್ಷ ಬಂದೀತು?

ಮೊದಲು ನೋಡಿದ್ದು ಟಾಲಿಗಂಜ್‌ನಲ್ಲಿ, ಸಿನಿಮಾ ಚಿತ್ರೀಕರಣಕ್ಕೆ ಬಾಡಿಗೆಗೆ ಹೋಗುತ್ತಿದ್ದ ಒಂದು ಹಳೆಯ ಗಾಡಿ. ಒಳಗೆ ಕನ್ನಡಿ, ಅದರ ಸುತ್ತ ಬಲ್ಬು. ಮಾಲೀಕ ಹೆಮ್ಮೆಯಿಂದ, "ದೊಡ್ಡ ದೊಡ್ಡ ಹೀರೋಯಿನ್‌ಗಳು ಕೂತಿದ್ದಾರೆ ಇದರಲ್ಲಿ," ಎಂದ. ಅಪ್ಪ ಜೇಬಿನಿಂದ ಚಮಚ ತೆಗೆದು ಮೊಣಕಾಲೂರಿ, ನೆಲವನ್ನು ಅಂಗುಲ ಅಂಗುಲ ಬಿಡದೆ ಬಡಿದರು. ಗಾಲಿಯನ್ನು ಸುತ್ತಿಗೆಯಿಂದ ಬಡಿದು ಕಿವಿಗೊಡುವುದು ಅವರ ಕೆಲಸದ ಅಭ್ಯಾಸ. ಮೂಲೆಯಲ್ಲಿ ಸದ್ದು ಕೊಳೆತ ಕುಂಬಳಕಾಯಿಯಂತೆ ಬಂತು. ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹೀರೋಯಿನ್ ಕೂತಾಳೋ ಇಲ್ಲೋ, ನೀರಂತೂ ಕೂತೈತಿ," ಎಂದರು.

ಎರಡನೆಯದು ಹೊಸದು, ನೋಡಲು ಚೆಂದ. ಪ್ಲೈವುಡ್ ಮೇಲೆ ಅಲ್ಯುಮಿನಿಯಂ ತಗಡು, ಚಾವಣಿಯ ತುಂಬ ಸ್ಕ್ರೂ. ಒಂದೊಂದು ಸ್ಕ್ರೂ ತೂತೂ ನೀರಿಗೆ ಒಂದೊಂದು ಬಾಗಿಲು. ಅವ್ವನಿಗೆ ಅದರ ಅಡುಗೆ ಕಟ್ಟೆ ಬಹಳ ಹಿಡಿಸಿತು. "ಬ್ಯಾಡ ಅಂದ್ರ ಬ್ಯಾಡ. ಆದ್ರ ಒಂದು ಫೋಟೋ ತಗೋ," ಎಂದಳು.

ಮೂರನೆಯದು ಹೌರಾ ಆಚೆ, ಹೆದ್ದಾರಿ ಬದಿಯ ಒಂದು ಶೆಡ್ಡಿನಲ್ಲಿ. ಫೈಬರ್‌ನ ಎರಡು ಚಿಪ್ಪು, ಸೊಂಟದಲ್ಲಿ ಒಂದೇ ಒಂದು ಬೆಸುಗೆ. ಕೆಳಗೆ ಸತು ಲೇಪಿಸಿದ ಕಬ್ಬಿಣದ ಚೌಕಟ್ಟು, ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗು, ಚಿಕ್ಕ ಸಾಮಾನು ಗಾಡಿಯ ಅಳತೆಯ ಟೈರು. ನೋಡಲು ಬೋರಲು ಹಾಕಿದ ಬೋಗುಣಿ. ನಾಲ್ವರಿಗೆ ಮಲಗುವ ಜಾಗ: ಹಿಂದೆ ಒಂದು ಅಗಲದ ಮಂಚ, ಪಕ್ಕದಲ್ಲಿ ಒಂದು, ಮೇಜು ಮಡಚಿದರೆ ಇನ್ನೊಂದು. ಆ ಮೇಜಿನದು ನನ್ನದು ಎಂದು ಅಲ್ಲೇ ಗೊತ್ತು ಮಾಡಿಕೊಂಡೆ.

ಅಪ್ಪ ಬೋಗಿಗೆ ಮಾಡುವ ಪರೀಕ್ಷೆಯನ್ನೇ ಅದಕ್ಕೂ ಮಾಡಿದರು. ನಾನು ಮತ್ತು ಅಪ್ಪ ಒಳಗೆ ಕೂತು ಬಾಗಿಲು ಹಾಕಿಕೊಂಡೆವು, ಶೆಡ್ಡಿನವರು ಹೊರಗಿನಿಂದ ಪೈಪು ಹಿಡಿದು ನೀರು ಹೊಡೆದರು. ಒಳಗೆ ಅರೆಗತ್ತಲೆ, ಮೇಲೆಲ್ಲ ನೀರಿನ ಸದ್ದು. ಅಪ್ಪ ಬಳಪ ಹಿಡಿದು ಕಾಯುತ್ತಿದ್ದರು. ಹನಿ ಕಂಡಲ್ಲಿ ಗುಂಡಗೆ ಗೆರೆ ಎಳೆಯಬೇಕು. ಕಿಟಕಿಯ ಮೂಲೆಯಲ್ಲಿ ಒಂದೇ ಹನಿ ಕಂಡಿತು. ಗೆರೆ ಎಳೆದಾದ ಮೇಲೂ ಅಪ್ಪ ನೀರು ನಿಲ್ಲಿಸಿ ಎಂದು ಹೇಳಲಿಲ್ಲ. "ನಿಮ್ಮವ್ವ ಇದರಾಗ ಕುಂತು ಹುಬ್ಬಳ್ಳಿ ನೋಡಿದ್ರ ಸಾಕು ನನಗ," ಎಂದು ನನಗಲ್ಲ, ಕಿಟಕಿಗೆ ಹೇಳಿದರು. ಅಂಥದ್ದೇ ಒಂದು ಗಾಡಿ ಹೇಳಿ ಬಂದೆವು. ತಯಾರಾಗಲು ಡಿಸೆಂಬರ್ ಕೊನೆ.

ಎರಡು ತಿಂಗಳ ಬಿಡುವು ಸಿಕ್ಕಿತು. ಅಷ್ಟರಲ್ಲಿ ಆ ಅಳತೆಯ ಜಾಗವನ್ನು ಅಕ್ಕನಿಗೆ ರೂಢಿ ಮಾಡಿಸುವ ತಾಲೀಮಿನ ಯೋಚನೆ ಬಂದದ್ದು ನನಗೆ. ನಮ್ಮ ಪಾಡಾದ, ಎಂದರೆ ನಮ್ಮ ಓಣಿಯ, ಕ್ಲಬ್ಬಿನ ಮೈದಾನದಲ್ಲಿ ದುರ್ಗಾಪೂಜೆಗೆ, ಕಾಳಿಪೂಜೆಗೆ ಬಿದಿರಿನ ಮಂಟಪ ಕಟ್ಟುವ ಒಬ್ಬರು ಇದ್ದಾರೆ, ಎಲ್ಲರಿಗೂ ದಾದಾ, ಎಂದರೆ ಅಣ್ಣ. ಕೋಟೆ, ಹಡಗು, ಗುಡ್ಡ, ಏನು ಹೇಳಿದರೂ ಕಟ್ಟುತ್ತಾರೆ. ಗಾಡಿಯ ಅಳತೆಯ ಚಿತ್ರ ಹಿಡಿದು ಅವರ ಬಳಿ ಹೋದೆ.

"ಪೂಜೆ ಮುಗೀತಲ್ಲ ದಿದಿ. ಇದು ಯಾವ ಥೀಮು?"

"ಕ್ಯಾರವಾನ್."

"ದೇವಿ ಎಲ್ಲಿ ಕೂರ್ತಾಳೆ?"

"ದೇವಿ ಇಲ್ಲ. ನಾವೇ ಕೂರೋದು."

"ಹಂಗಾದ್ರೆ ನಿಮ್ಮ ವಿಸರ್ಜನೆ ಯಾವತ್ತು?" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಎರಡೇ ದಿನದಲ್ಲಿ ಮೈದಾನದ ಮೂಲೆಯಲ್ಲಿ ಬಿದಿರಿನ ಗಾಡಿ ನಿಂತಿತು. ಅದೇ ಉದ್ದ, ಅದೇ ಅಗಲ, ಅದೇ ಎತ್ತರದ ಮೆಟ್ಟಿಲು. ಒಳಗೆ ಮಂಟಪದ ಹಳದಿ ಬಟ್ಟೆಯನ್ನು ನೆರಿಗೆ ಹಿಡಿದು ಹೊಡೆದಿದ್ದರು. ಹಲಗೆ ಮಾತ್ರ ಮೂವರಿಗಾಗುವಷ್ಟೇ ಇತ್ತು. ಉಳಿದ ಹಲಗೆಯೆಲ್ಲ ಚಂದನ್‌ನಗರದ ಜಗದ್ಧಾತ್ರಿ ಪೂಜೆಗೆ ಹೋಗಿತ್ತು.

"ನಾಕನೇದು ಮುಂದಿನ ವಾರ ತರಿಸ್ತಾನಂತ," ಎಂದರು ಅಪ್ಪ.

"ನಾಕನೇದು ಬ್ಯಾಡಪ್ಪ. ಹೆಂಗೂ ಯಾರಾದರೂ ಬರಕೋಬೇಕಲ್ಲ, ನಾ ಹೊರಗ ಕುಂದರತೀನಿ," ಎಂದವಳು ನಾನು.

ನವೆಂಬರ್ ಮೂರರಿಂದ ತಾಲೀಮು. ಮೊದಲ ದಿನ ಚಹಾ ಕುಡಿಯುವಷ್ಟು ಹೊತ್ತು. ಅಕ್ಕ ಮೆಟ್ಟಿಲ ಮೇಲೆ ನಿಂತು ಬಿದಿರು ಮೂಸಿ ಇಳಿದುಬಿಟ್ಟಳು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬರೆದುಕೊಂಡೆ. ಓಣಿಯವರು ನಿಂತು ನೋಡಿ ಹೋಗುತ್ತಿದ್ದರು. ಕೆಳಮನೆಯ ಅಜ್ಜಿ ಒಬ್ಬರು ಹೂವನ್ನೇ ತಂದುಬಿಟ್ಟಿದ್ದರು. ಒಳಗೆ ದೇವರಿಲ್ಲ ಎಂದು ನಾನು ಹೇಳಿದಾಗ, "ಹಾಗಾದರೆ ನಿನ್ನ ಅಮ್ಮನಿಗೆ ಕೊಡು," ಎಂದು ನನ್ನ ಕೈಗಿಟ್ಟು ಹೋದರು. ಹದಿನಾರನೆಯ ತಾರೀಕು ಅಕ್ಕ ಹಲಗೆಯ ಮೇಲೆ ಮಲಗಿ ನೆರಿಗೆ ಎಣಿಸಿದಳು. ಇಪ್ಪತ್ತೆರಡು, ಶನಿವಾರ, ಅಲ್ಲಿ ಮಲಗಿ ಬೆಳಗ್ಗೆ ಎದ್ದಳು.

ಅವ್ವ ಬಟ್ಟೆಯ ಪರದೆ ಸರಿಸಿ ಹೊರಗೆ ಬಂದಾಗ ಕೂದಲು ಕೆದರಿತ್ತು. "ಏ, ಆಕಿ ಗೊರಕಿ ಹೊಡದಾಳ!" ಎಂದು ಪಿಸುಗುಟ್ಟಿದಳು. ಯಾರೋ ಬಹುಮಾನ ಕೊಟ್ಟಂತೆ ಇತ್ತು ಅವಳ ಮುಖ.

ಆ ಮೇಲೆ ಪ್ರತಿ ರಾತ್ರಿ ಅಲ್ಲೇ. ಊಟವಾದ ಮೇಲೆ ನಾನು ಬಾಗಿಲ ಬಳಿ ಕೂತು ಬರೆದುಕೊಳ್ಳುತ್ತಿದ್ದೆ: ಪರದೆಯ ಹಗ್ಗ ಮುಟ್ಟಿದಳು, ಬಿದಿರ ಗೂಟ ಮುಟ್ಟಿದಳು, ಅಪ್ಪನ ಕಾಲು, ಅವ್ವನ ಕಾಲು, ಮಲಗಿದಳು. ಮನೆಯಲ್ಲಿ ಮುಟ್ಟುವುದು ನಾಲ್ಕು, ಇಲ್ಲಿಯೂ ನಾಲ್ಕು ಎಂದು ಅಡಿಗೆರೆ ಎಳೆದೆ. ಬಹಳ ಹಿಗ್ಗಿನಿಂದ ಎಳೆದೆ. ಆಮೇಲೆ ನೋಟ್‌ಬುಕ್ ಮುಚ್ಚಿ, ಮೂರನೆಯ ಮಹಡಿ ಹತ್ತಿ, ಖಾಲಿ ಮಂಚದ ಪಕ್ಕದ ಮಂಚದಲ್ಲಿ ಮಲಗುತ್ತಿದ್ದೆ. ಕೆಲವು ರಾತ್ರಿ ಕಾಲನ್ನು ಹೊದಿಕೆಯ ಹೊರಗೇ ಬಿಟ್ಟಿರುತ್ತಿದ್ದೆ.

ಮದುವೆಯ ಕಾಲ ಬಂತೆಂದು ದಾದಾ ಡಿಸೆಂಬರ್ ಹತ್ತಕ್ಕೆ ಬಿದಿರು ಬಿಚ್ಚಿದರು. ಇಪ್ಪತ್ತನೆಯ ತಾರೀಕು ನಿಜವಾದ ಗಾಡಿ ಬಂದು ಅದೇ ಮೂಲೆಯಲ್ಲಿ ನಿಂತಿತು. ಅಕ್ಕ ಒಳಗೆ ಇಣುಕಿ, ನುಣ್ಣನೆಯ ಬಿಳಿ ಗೋಡೆ ಸವರಿ, "ಬ್ಯಾಡ," ಎಂದು ಕಾರಿನಲ್ಲಿ ಹೋಗಿ ಕೂತಳು. ಅಪ್ಪನ ಮುಖ ಇಳಿಯಿತು. ಅವ್ವ ಸೀದಾ ದಾದಾನ ಗೋದಾಮಿಗೆ ಹೋಗಿ ಅದೇ ಹಳದಿ ಬಟ್ಟೆ ಹೊತ್ತುಕೊಂಡು ಬಂದಳು.

"ಬಟ್ಟಿ ಹಚ್ಚಿದ್ರ ಹಿಂದ ಹಸಿ ನಿಲ್ಲತೈತಿ," ಅಪ್ಪ ತಡೆದರು. "ಬೂಷ್ಟ ಹಿಡೀತೈತಿ. ಬೂಷ್ಟ ಬ್ಯಾಡಂತನೇ ಈ ಗಾಡಿ ತಗೊಂಡೇವಿ."

"ಗಾಡಿ ಇಪ್ಪತ್ತು ವರ್ಷ ಬಾಳಿಕಿ ಬಂದು ಯಾರು ಮಲಗಬೇಕ್ರಿ ಅದರಾಗ? ವರ್ಷಾ ಬಟ್ಟಿ ಬದಲಾಸೂಣು."

ಅಪ್ಪ ಸ್ವಲ್ಪ ಹೊತ್ತು ಗಾಡಿಯ ಸುತ್ತ ತಿರುಗಿ ಬಂದು ನೆರಿಗೆ ಹಿಡಿಯಲು ನಿಂತರು. ಸ್ಕ್ರೂ ಹೊಡೆಯಲು ಮಾತ್ರ ಬಿಡಲಿಲ್ಲ. ಬಟ್ಟೆಯನ್ನೆಲ್ಲ ಒಳಗಿನ ಕಂಬಿಗಳಿಗೆ ಹಗ್ಗದಿಂದ ಕಟ್ಟಿದೆವು. ಎರಡು ಬಿದಿರ ತುಂಡನ್ನೂ ಬಾಗಿಲ ಬಳಿ ನಿಲ್ಲಿಸಿದೆವು. ನಾಲ್ಕನೆಯ ದಿನ ಅಕ್ಕ ಹಗ್ಗ ಮುಟ್ಟಿದಳು, ಗೂಟ ಮುಟ್ಟಿದಳು, ಅಪ್ಪ, ಅವ್ವ, ಮಲಗಿದಳು.

ಡಿಸೆಂಬರ್ ಇಪ್ಪತ್ತೆಂಟು, ಭಾನುವಾರ. ಮೇಜು ಮಡಚಿ ನಾಲ್ಕನೆಯವರ ಮಂಚ ಮಾಡಿದೆವು. ನಾನು ಮೊದಲೇ ಮಲಗಿಕೊಂಡೆ, ಕಾಲು ಹೊರಗೆ ಚಾಚಿ. ಅಕ್ಕ ಹಗ್ಗ, ಗೂಟ, ಅಪ್ಪ, ಅವ್ವ ಎಲ್ಲ ಮುಗಿಸಿದಳು. ಆಮೇಲೆ ನನ್ನನ್ನು ಕಂಡಳು. ಬಂದು ಪಕ್ಕದಲ್ಲಿ ನಿಂತಳು. ಕೂಗಲಿಲ್ಲ. ಹೊದಿಕೆಯನ್ನು ತೆಗೆದು ಮಡಚಿ, ನನ್ನ ಮುಂಗೈ ಹಿಡಿದು ಎಬ್ಬಿಸಿದಳು.

"ಮನಿಗೆ ಹೋಗು," ಎಂದಳು.

"ಇಲ್ಲೇ ಮಲಗತೇನಿ ಅಕ್ಕಾ, ಇವತ್ತೊಂದಿನ."

"ನೀ ಮನಿಗೆ." ಬಾಗಿಲು ತೆರೆದು, ನನ್ನ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟಳು, ತುದಿ ಮನೆಯ ಕಡೆಗೆ ತಿರುಗಿಸಿ. ನಾನು ಹೋಗುವವರೆಗೆ ಬಾಗಿಲಲ್ಲೇ ನಿಂತಿದ್ದಳು.

ಮರುದಿನವೂ ಹಾಗೇ, ಅದರ ಮರುದಿನವೂ. ಬಿದಿರಿನ ಗಾಡಿಯಲ್ಲಿ ಮೂವರೇ ಇದ್ದರು. ನಾಲ್ಕನೆಯವಳನ್ನು ಆಕೆ ಕಲಿಯಲೇ ಇಲ್ಲ, ಯಾಕೆಂದರೆ ನಾನು ಕಲಿಸಲಿಲ್ಲ. ನಮ್ಮ ಕೋಣೆಯಲ್ಲಿ ನಾನಿದ್ದೇನೆ, ಗಾಡಿಯಲ್ಲಿ ಅಪ್ಪ ಅವ್ವ ಇದ್ದಾರೆ. ಆಕೆಯ ಲೆಕ್ಕದಲ್ಲಿ ತಪ್ಪಿಲ್ಲ. ಕುರ್ಚಿ ಹಾಕಿಕೊಂಡು ಹೊರಗೆ ಕೂತವಳ ಲೆಕ್ಕದಲ್ಲಿತ್ತು ತಪ್ಪು.

ಅವ್ವ ಹಟ ಹಿಡಿದಳು. "ನಾಕೂ ಮಂದಿ ಹೋಗಲಿಲ್ಲಂದ್ರ ಆ ಗಾಡಿ ಯಾಕ ಬೇಕು? ಕೊಟ್ಟುಬಿಡ್ರಿ."

"ನೀನು ಒಂದು ರಾತ್ರಿ ಊರ ಹೊರಗ ಮಲಗಿ ಬಾ ಅವ್ವಾ. ಆಮ್ಯಾಲೆ ಕೊಡೂಣಂತ," ಎಂದೆ. ಬಹಳ ಹೇಳಬೇಕಾಯಿತು. ಜನವರಿ ಹತ್ತು, ಶನಿವಾರ, ಬೆಳಗ್ಗೆ ಮೂವರೂ ಹೊರಟರು, ಡೈಮಂಡ್ ಹಾರ್ಬರ್ ಕಡೆ, ನದಿ ದಂಡೆಯಲ್ಲಿ ಅಪ್ಪನ ಸಹೋದ್ಯೋಗಿಯೊಬ್ಬರ ಖಾಲಿ ಜಾಗಕ್ಕೆ. ಅಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನನ್ನ ಕಡೆ ನೋಡದೆ ಗಾಜು ಏರಿಸಿದಳು. ಗಾಡಿ ಓಣಿಯ ತಿರುವು ದಾಟಲು ಒದ್ದಾಡಿತು. ಚಹಾ ಅಂಗಡಿಯವರು, ರಿಕ್ಷಾದವರು ಎಲ್ಲ "ಡಾನೆ, ಡಾನೆ," ಬಲಕ್ಕೆ ಬಲಕ್ಕೆ, ಎಂದು ಕೂಗಿ ದಾರಿ ಮಾಡಿಕೊಟ್ಟರು. ಆಮೇಲೆ ಓಣಿ ಎಂದಿನಂತಾಯಿತು.

ಆ ಮನೆಯಲ್ಲಿ ನಾನು ಇಡೀ ದಿನ ಒಬ್ಬಳೇ ಇದ್ದದ್ದು ಅದೇ ಮೊದಲು. ಅನ್ನಕ್ಕೆ ಎಷ್ಟು ಅಕ್ಕಿ ಹಾಕಬೇಕೆಂದು ಒಬ್ಬರ ಅಳತೆ ಗೊತ್ತಾಗದೆ, ಮುರಿ, ಎಂದರೆ ಇಲ್ಲಿನ ಮಂಡಕ್ಕಿ, ತಿಂದು ಮುಗಿಸಿದೆ. ದಿನಚರಿಯ ಕೆಳಗೆ ಬರೆದೆ: ಮನೆಯಲ್ಲಿ ಒಂದು, ಹೊರಗೆ ಮೂರು. ಮೈದಾನದ ರಾತ್ರಿಗಳನ್ನು ಮನೆಯ ಲೆಕ್ಕಕ್ಕೇ ಹಾಕಿದ್ದರಿಂದ, ಒಂಬತ್ತು ವರ್ಷದಲ್ಲಿ ಆ ಜೋಡಿ ಬಂದಿರಲಿಲ್ಲ.

ಬೆಳಗ್ಗೆ ಅವ್ವನ ಫೋನು. "ಭಾಳ ಥಂಡಿ ಐತಿ. ನದಿ ಕಾಣಸವಲ್ದು, ಬರೇ ಮಂಜು. ನಿಮ್ಮಪ್ಪ ಚಾ ಮಾಡಾಕ ಹೋಗಿ ಹಾಲು ಉಕ್ಕಿಸ್ಯಾರ." ನಗುತ್ತಿದ್ದಳು. "ಅಕ್ಕ ಎದ್ದ ಕೂಡಲೇ ಹೊರಗ ಬಂದು ಸುತ್ತೂ ನೋಡಿದ್ಲು. ಏನು ಬೇಕವ್ವಾ ಅಂದೆ. ಮನಿ ಎಲ್ಲಿ ಅಂತ ಕೇಳಿದ್ಲು."

"ಇಲ್ಲೇ ಐತಿ ಅನ್ನು," ಎಂದೆ.

ಗಾಡಿಯನ್ನು ಕೊಡುವುದಿಲ್ಲ. ಫೆಬ್ರವರಿ ಕೊನೆಗೆ ಅಪ್ಪನಿಗೆ ರಜೆ ಇದೆ, ಹುಬ್ಬಳ್ಳಿಗೆ ಹೊರಡಬೇಕು, ನಾಲ್ವರೂ. ಆಗದಿದ್ದರೆ ಮೂವರು ಗಾಡಿಯಲ್ಲಿ, ನಾನು ರೈಲಿನಲ್ಲಿ. ದೊಡ್ಡವ್ವನಿಗೆ ಹಾಗೆಂದು ಹೇಳಿದ್ದೇವೆ. ದಾರಿಯಲ್ಲಿ ನಾನು ಕಾರಿನಲ್ಲಿ ಮಲಗಬಹುದೇ ಎಂದು ಒಂದು ಸಂಜೆ ಮಾಡಿ ನೋಡಿದೆವು. ಅಕ್ಕ ಕಿಟಕಿಯಿಂದ ಕಂಡು, ಬಂದು ಬಾಗಿಲು ತೆರೆದು ನನ್ನನ್ನು ಇಳಿಸಿದಳು. ಈಗ ಪ್ರತಿ ಸಂಜೆ ಕೆಲಸದಿಂದ ಬಂದವಳು ಮೇಜಿನ ಮಂಚದ ತುದಿಯಲ್ಲಿ ಕೂರುತ್ತೇನೆ, ನೋಟ್‌ಬುಕ್ ಇಲ್ಲದೆ. ಚಹಾ ಮುಗಿಯುವವರೆಗೆ ಬಿಡುತ್ತಾಳೆ. ಲೋಟ ಖಾಲಿಯಾದೊಡನೆ ಚಪ್ಪಲಿ ತಿರುಗಿಸುತ್ತಾಳೆ. ಅದಕ್ಕೇ ಈಚೆಗೆ ದೊಡ್ಡ ಲೋಟದಲ್ಲಿ, ಬಹಳ ನಿಧಾನವಾಗಿ ಕುಡಿಯುತ್ತಿದ್ದೇನೆ.

ಇದನ್ನು ಓದಿದವರಲ್ಲಿ ಯಾರ ಮನೆಯಲ್ಲಾದರೂ ಇಂಥ ಅಕ್ಕನೋ ಅಣ್ಣನೋ ಇದ್ದು, ಚಿಕ್ಕ ಗಾಡಿಯಲ್ಲಿ ಸಂಸಾರ ಸಮೇತ ರಾತ್ರಿ ಕಳೆದಿದ್ದರೆ, ಒಂದು ವಿಷಯ ತಿಳಿಸಿ. ಅವರಿಗೆ ಒಮ್ಮೆ ಒಗ್ಗಿಹೋದ ಕೋಣೆಯೊಳಗೆ ಇನ್ನೊಬ್ಬರನ್ನು ಹೇಗೆ ಸೇರಿಸಿದಿರಿ? ಹಗಲಿನಿಂದ ಶುರು ಮಾಡಿದಿರೋ, ಬಾಗಿಲಿಗೆ ಹೊಂದಿಸಿ ಡೇರೆ ಕಟ್ಟಿ ಅಲ್ಲಿಂದ ದಿನಕ್ಕೊಂದು ಗೇಣು ಒಳಗೆ ಬಂದಿರೋ? ಎಷ್ಟು ದಿನ ಹಿಡಿಯಿತು? ಬಟ್ಟೆಯ ಹಿಂದೆ ಬೂಷ್ಟು ಬಾರದ ಉಪಾಯ ಗೊತ್ತಿದ್ದವರೂ ಬರೆಯಿರಿ, ಅಪ್ಪ ಕೇಳುತ್ತಿದ್ದಾರೆ. ಆದರೆ ಮೊದಲು ಆ ಇನ್ನೊಂದನ್ನು ಬರೆಯಿರಿ. ಫೆಬ್ರವರಿ ಹತ್ತಿರವಿದೆ.